ಹುಣಸೆಬೀಜದ ಅಂಟು, ಬಳಪದ ಕಲ್ಲು

ನನ್ನ ಊರು ಹುಲಿಗಿ. ತುಂಗಭದ್ರೆಯ ದಂಡೆಯ ಮೇಲೆ, ಮುನಿರಾಬಾದ್ ಸ್ಟೇಷನ್ನಿನ ಮಗ್ಗುಲಲ್ಲಿ, ಹುಲಿಗೆಮ್ಮನ ಗುಡಿ ಇರುವ ಊರು. ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಮಾಸ್ತರನಾಗಿ ದುಡಿದೆ. ರಜೆ ಬಂದಾಗ, ಜಾತ್ರೆ ಬಂದಾಗ ಅಂಗಡಿ ಬೋರ್ಡು, ಬಟ್ಟೆ ಬ್ಯಾನರು ಬರೆದೆ. ದೇವಿಯ ಮುಖ ಬರೆದ ಕುಂಚವನ್ನೇ ತೊಳೆದು ಅದರಿಂದಲೇ ‘ಹಣ್ಣು ಕಾಯಿ ದೊರೆಯುತ್ತವೆ’ ಎಂದು ಬರೆಯುತ್ತಿದ್ದೆ. ಅಕ್ಷರ ಯಾವಾಗ ಮುಗಿಯಿತು, ಚಿತ್ರ ಯಾವಾಗ ಶುರುವಾಯಿತು ಎಂದು ಕೈ ಎಂದೂ ಕೇಳಲಿಲ್ಲ.

ಆದರೆ ಜಿಲ್ಲೆಯ ಇತಿಹಾಸ ಓದಲು ಕೂತಾಗ ಅಲ್ಲಿ ಎಲ್ಲವೂ ಬೇರೆ ಬೇರೆ ಕಪಾಟಿನಲ್ಲಿತ್ತು. ಶಾಸನದ ಪುಸ್ತಕ ಒಂದು ಕಡೆ, ಗುಡಿಗಳ ಪುಸ್ತಕ ಇನ್ನೊಂದು ಕಡೆ, ಕಿನ್ನಾಳದ ಬೊಂಬೆಗಳ ಮಾತು ಕೈಗಾರಿಕೆ ಇಲಾಖೆಯ ಕಿರುಹೊತ್ತಿಗೆಯಲ್ಲಿ. ಶಾಸನ ಓದುವವರು ರಾಜನ ಹೆಸರು, ತಿಥಿ, ದತ್ತಿ ನೋಡಿ ಮುಂದೆ ಹೋಗುತ್ತಾರೆ. ಆ ಅಕ್ಷರ ಕಡೆದ ಕೈಯನ್ನು ನೋಡುವವರು ಕಡಿಮೆ. ಗುಡಿ ನೋಡಲು ಬಂದವರು ಕಂಬವನ್ನು ಮುಟ್ಟಿ ನೋಡುತ್ತಾರೆ, ಪಕ್ಕದ ಶಾಸನದ ಕಲ್ಲಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ಬರೆಯುವ ಕೆಲಸಕ್ಕೂ ಮಾಡುವ ಕೆಲಸಕ್ಕೂ ನಮ್ಮ ಸೀಮೆಯಲ್ಲಿ ಎರಡು ಸಾವಿರ ವರ್ಷದ ಒಡನಾಟವಿದೆ. ಅದನ್ನು ಒಂದೇ ಕಥೆಯಾಗಿ ಹೇಳಬೇಕೆಂಬುದು ನನ್ನ ಬಹುದಿನದ ಆಸೆ.

ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಹತ್ತಿರದ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳಿವೆ. 1931ರಲ್ಲಿ ಇವು ಬೆಳಕಿಗೆ ಬಂದವು. ಆಗ ಕೊಪ್ಪಳ ಹೈದರಾಬಾದ್ ಸಂಸ್ಥಾನದೊಳಗೆ ಸಾಲಾರ್ ಜಂಗರ ಜಹಗೀರು. ಮರುವರ್ಷ ಆರ್.ಎಲ್. ಟರ್ನರ್ ಇವುಗಳ ಪಾಠವನ್ನು ಹೈದರಾಬಾದಿನ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದರು. ಗವಿಮಠದ ಶಾಸನ ಇಂದಿಗೂ ಚೆನ್ನಾಗಿ ಉಳಿದಿದೆ. ಪಾಲ್ಕಿಗುಂಡಿನದು ಮಳೆಗಾಳಿಗೆ ಸವೆದು ಅಲ್ಲೊಂದು ಇಲ್ಲೊಂದು ಅಕ್ಷರವಾಗಿದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಆ ಕಾಲದ ನಮ್ಮ ಜನಕ್ಕೆ ಲಿಪಿಯೂ ಹೊಸದು, ಭಾಷೆಯೂ ದೂರದ್ದು.

ಇದೇ ಶಾಸನದ ಬೇರೆ ಪ್ರತಿಗಳು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿವೆ. ಅಲ್ಲಿ ಬರೆದವನು ತನ್ನ ಹೆಸರು ಹೇಳಿಕೊಂಡಿದ್ದಾನೆ: ಚಪಡ. ತಾನು ಲಿಪಿಕಾರ ಎಂಬುದನ್ನು ಬ್ರಾಹ್ಮಿಯಲ್ಲಿ ಬರೆಯದೆ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಕರ್ನಾಟಕದ ನೆಲದಲ್ಲಿ ಹೆಸರು ಬಿಟ್ಟುಹೋದ ಮೊಟ್ಟಮೊದಲ ಬರಹಗಾರ ಬಲು ದೂರದ ಬರವಣಿಗೆ ಕಲಿತವನು.

ಬರೆದುಕೊಟ್ಟವನು ಎಲ್ಲಿಯವನೇ ಆಗಿರಲಿ, ನಮ್ಮ ಬೆಟ್ಟದ ಕಲ್ಲು ಗಟ್ಟಿ. ಅದರ ಮೇಲೆ ಅಕ್ಷರದ ಗೆರೆಯನ್ನು ಸೀಳದಂತೆ ತಿರುಗಿಸಲು ಕಲ್ಲಿನ ಸ್ವಭಾವ ಬಲ್ಲ ಕೈ ಬೇಕು. ಅಂಥ ಕೈಗಳಿಗೆ ಈ ಸೀಮೆಯಲ್ಲಿ ಬರವಿರಲಿಲ್ಲ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಗುಡ್ಡ ಹತ್ತಿದವರಿಗೆ ಇದು ಗೊತ್ತು. ಅಶೋಕನಿಗಿಂತ ಶತಮಾನಗಳ ಹಿಂದಿನ ಶಿಲಾಗೋರಿಗಳು ಅಲ್ಲಿ ನೂರಾರಿವೆ. ಆಳೆತ್ತರ ಮೀರಿದ ಹಾಸುಗಲ್ಲುಗಳನ್ನು ಬಂಡೆಯಿಂದ ಎಬ್ಬಿಸಿ, ನಾಲ್ಕು ಮಗ್ಗುಲು ನಿಲ್ಲಿಸಿ, ಮೇಲೊಂದು ಮುಚ್ಚಿದ್ದಾರೆ. ಜನ ಅದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ಅದೇ ಗುಡ್ಡದ ಬಂಡೆಗಳ ಮೇಲೆ ಕಾವಿಬಣ್ಣದ ಜಿಂಕೆ, ಕುದುರೆ, ಕುಣಿಯುವ ಮನುಷ್ಯರಿದ್ದಾರೆ. ಗವಿಮಠಕ್ಕೆ ಬರಹ ಬರುವ ಹೊತ್ತಿಗೆ ಗೆರೆ ಎಳೆಯುವುದೂ ಕಲ್ಲು ಎಬ್ಬಿಸುವುದೂ ಇಲ್ಲಿ ಹಳೆಯ ಕೆಲಸವಾಗಿದ್ದವು. ಬ್ರಾಹ್ಮಿ ಅಕ್ಷರ ಆ ಕೆಲಸದ ಮೇಲೆ ಬಂದು ಕೂತಿತು ಎಂದೇ ನಾನು ತಿಳಿದಿದ್ದೇನೆ.

ಮುಂದಿನ ಸಾವಿರ ವರ್ಷದಲ್ಲಿ ಕೊಪ್ಪಳ, ಅಂದಿನ ಹೆಸರಿನಲ್ಲಿ ಕೊಪಣ, ದೊಡ್ಡ ಜೈನ ತೀರ್ಥವಾಯಿತು. 9ನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳ್ ನಾಡನ್ನು ಗುರುತಿಸುವಾಗ ಕೊಪಣವನ್ನು ಹೆಸರಿಸುತ್ತದೆ. ಒಳ್ಳೆಯ ಕನ್ನಡದ ಸೀಮೆಯೇ ಒಳ್ಳೆಯ ಕಲ್ಲುಕೆಲಸದ ಸೀಮೆಯೂ ಆಗಿದ್ದದ್ದು ಬರೀ ಆಕಸ್ಮಿಕ ಎಂದು ನನಗನ್ನಿಸುವುದಿಲ್ಲ. ಶಾಸನ ಹಾಕಿಸುವವರು ಹೆಚ್ಚಿದಂತೆ ಕವಿಗೂ ಕೆಲಸ, ಕಲ್ಲು ಕಡೆಯುವ ರೂವಾರಿಗೂ ಕೆಲಸ.

ಇಟಗಿಗೆ ಬರುತ್ತೇನೆ. ಮೊದಲು ಯಲಬುರ್ಗಾ ತಾಲ್ಲೂಕು, ಈಗ ಕುಕನೂರು ತಾಲ್ಲೂಕು. ಅಲ್ಲಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ತಂದೆಯ ನೆನಪಿಗೆ ಮೂರ್ತಿನಾರಾಯಣನ ಗುಡಿಯನ್ನೂ ತಾಯಿಯ ನೆನಪಿಗೆ ಚಂದಲೇಶ್ವರಿಯ ಗುಡಿಯನ್ನೂ ಕಟ್ಟಿಸಿದ. ಪಕ್ಕದಲ್ಲಿ ಪುಷ್ಕರಣಿ. ಮುಂದಿನ ತೆರೆದ ಮಂಟಪಕ್ಕೆ ಮೂಲದಲ್ಲಿ 68 ಕಂಬಗಳಿದ್ದವು. ಕಟ್ಟಡ ಶಾಸ್ತ್ರದ ದೃಷ್ಟಿಯಿಂದ ಇದನ್ನು ನೋಡಿದ ಹೆನ್ರಿ ಕಸಿನ್ಸ್ ಕನ್ನಡ ನಾಡಿನಲ್ಲಿ ಹಳೇಬೀಡಿನ ನಂತರದ ಸ್ಥಾನ ಇದಕ್ಕೆ ಎಂದು ಬೆಲೆ ಕಟ್ಟಿದ. ಅವನಿಗಿಂತ ಎಂಟು ನೂರು ವರ್ಷ ಮೊದಲೇ ಗುಡಿಯ ಶಾಸನ ಇದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿತ್ತು.

ಈ ಬಿರುದನ್ನು ನಾವು ಬೋರ್ಡಿನ ಮೇಲೆ, ಪಠ್ಯಪುಸ್ತಕದಲ್ಲಿ, ಭಾಷಣದಲ್ಲಿ ಎಷ್ಟು ಸಲ ಹೇಳಿದ್ದೇವೆಂದರೆ ಅದನ್ನು ಬರೆದವನು ಒಬ್ಬನಿದ್ದ ಎಂಬುದೇ ಮರೆತುಹೋಗಿದೆ. ಗುಡಿ ಎದ್ದು ನಿಂತಿದ್ದು ಉಳಿಯಿಂದ, ಚಕ್ರವರ್ತಿಯಾದದ್ದು ಮಾತಿನಿಂದ. ಆ ಮಾತು ಇಲ್ಲದಿದ್ದರೂ ಕಂಬಗಳು ಇಷ್ಟೇ ಚೆನ್ನಾಗಿರುತ್ತಿದ್ದವು. ಆದರೆ ಕಟ್ಟಿಸಿದವರ ಕಣ್ಣಿಗೆ ಅದು ಹೇಗೆ ಕಂಡಿತು, ಕಟ್ಟಿದ ಕಾಲದಲ್ಲಿಯೇ ಜನ ಅದರ ಹೆಚ್ಚುಗಾರಿಕೆಯನ್ನು ಅರಿತಿದ್ದರೇ ಎಂಬುದು ನಮಗೆ ತಿಳಿಯುತ್ತಿರಲಿಲ್ಲ.

ಒಂದು ಶಾಸನ ಸಿದ್ಧವಾಗುವ ಕ್ರಮವನ್ನು ಆ ಕಾಲದ ಶಾಸನಗಳ ಕೊನೆಯ ಸಾಲುಗಳೇ ಹೇಳುತ್ತವೆ. ಪದ್ಯ ಕಟ್ಟಿದವನು ಒಬ್ಬ. ಅದನ್ನು ಕಲ್ಲಿನ ಮೇಲೆ ಅಳತೆ ಹಿಡಿದು ಬರೆದುಕೊಟ್ಟವನು ಒಬ್ಬ. ಕಂಡರಿಸಿದ ರೂವಾರಿ ಮತ್ತೊಬ್ಬ. ಕೆಲವು ಕಡೆ ಬರೆದವನೂ ಕಂಡರಿಸಿದವನೂ ಒಬ್ಬನೇ. ಇಟಗಿಯ ಗುಡಿ ಎದ್ದ ಕಾಲಕ್ಕೇ ಶ್ರವಣಬೆಳಗೊಳದ ಶಾಸನಗಳಲ್ಲಿ ಗಂಗಾಚಾರಿ ಎಂಬ ರೂವಾರಿಯ ಹೆಸರಿದೆ, ‘ಬಿರುದ ರೂವಾರಿ ಮುಖತಿಲಕ’ ಎಂಬ ಬಿರುದಿನ ಸಮೇತ. ಆ ಶಾಸನಗಳ ಅಕ್ಷರ ನೋಡಿದರೆ ಬಿರುದು ಸುಮ್ಮನೆ ಬಂದದ್ದಲ್ಲ ಎಂದು ಗೊತ್ತಾಗುತ್ತದೆ. ಮುತ್ತು ಪೋಣಿಸಿದಂತಹ ದುಂಡು ಅಕ್ಷರ, ಒಂದು ಸಾಲು ಇನ್ನೊಂದಕ್ಕೆ ತಾಗುವುದಿಲ್ಲ, ಒತ್ತಕ್ಷರಕ್ಕೆ ಕೆಳಗೆ ಜಾಗ ಮೊದಲೇ ಬಿಟ್ಟಿದೆ. ಬೋರ್ಡು ಬರೆಯುವವನಿಗೆ ಇದರ ಕಷ್ಟ ಗೊತ್ತು. ಕನ್ನಡದಲ್ಲಿ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಬಂದು ಬಡಿಯುತ್ತದೆ. ಅದಕ್ಕೆ ಎಲ್ಲಿ ಸಾಲು ಸಡಿಲಿಸಬೇಕು ಎಂಬುದು ಅರ್ಥ ತಿಳಿದವನಿಗೆ ಮಾತ್ರ ಗೊತ್ತಾಗುವ ಸಂಗತಿ. ಬಣ್ಣವಾದರೆ ಒರೆಸಬಹುದು, ಕಲ್ಲಿನ ಮೇಲೆ ಒರೆಸುವ ಮಾತಿಲ್ಲ. ಅಕ್ಷರವೊಂದು ಬಿಟ್ಟುಹೋದರೆ ಸಾಲಿನ ಕೆಳಗೆ ಸಣ್ಣದಾಗಿ ಸೇರಿಸಿ ಗುರುತು ಹಾಕಿದ ಕಲ್ಲುಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ಅಂಥ ಕಡೆ ನಿಂತು ನೋಡುತ್ತೇನೆ, ಕೆಲಸ ಮಾಡಿದ ಮನುಷ್ಯ ಅಲ್ಲಿ ಕಾಣುತ್ತಾನೆ.

ಇಟಗಿಯ ಕಲ್ಲು ಬಳಪದ ಜಾತಿಯದು. ಗಣಿಯಿಂದ ಎತ್ತಿದಾಗ ಮೆತ್ತಗೆ, ಗಾಳಿಗೆ ಬಿದ್ದಂತೆ ಗಟ್ಟಿ. ಅದಕ್ಕೇ ಆ ಕಂಬಗಳನ್ನು ತಿರುಗಿಸಿ ಕಡೆದು ಕನ್ನಡಿಯ ಹೊಳಪು ತರಲು ಸಾಧ್ಯವಾಯಿತು, ಕೀರ್ತಿಮುಖದ ಸಾಲುಗಳನ್ನು ಅಷ್ಟು ಸೂಕ್ಷ್ಮವಾಗಿ ಬಿಡಿಸಲು ಆಯಿತು. ಗವಿಮಠದ ಗಟ್ಟಿ ಬಂಡೆಯಲ್ಲಿ ಅಕ್ಷರಕ್ಕೆ ಇಲ್ಲದ ಬಳುಕು ಚಾಲುಕ್ಯರ ಕಾಲದ ಅಕ್ಷರಕ್ಕೆ ಬಂದದ್ದರಲ್ಲಿ ಈ ಕಲ್ಲಿನ ಪಾಲೂ ಇದೆ. ಇದೇ ಜಾತಿಯ ಕಲ್ಲಿನ ಕಡ್ಡಿಯಲ್ಲಿ ನಮ್ಮ ಹಿರಿಯರು ಲೆಕ್ಕ ಬರೆದರು, ನಾವು ಪಾಟಿಯ ಮೇಲೆ ಅ ಆ ತೀಡಿದೆವು. ಒಂದೇ ಕಲ್ಲು ಕಂಬವೂ ಆಯಿತು, ಲೇಖನಿಯೂ ಆಯಿತು.

ಹಾಗಾದರೆ ಇಟಗಿಯ ಗುಡಿ ಕಟ್ಟಿದ ಕೈ ಯಾರದು? ಊರಲ್ಲಿ ಯಾರನ್ನೇ ಕೇಳಿ, ಜಕಣಾಚಾರಿ ಎನ್ನುತ್ತಾರೆ. ಲಕ್ಕುಂಡಿಯಲ್ಲಿ ಕೇಳಿದರೂ ಅದೇ, ಬೇಲೂರಿನಲ್ಲಿ ಕೇಳಿದರೂ ಅದೇ. ಜಕಣಾಚಾರಿಯ ಕಥೆಯನ್ನು ನಾನು ಅಲ್ಲಗಳೆಯುವುದಿಲ್ಲ. ಕಪ್ಪೆ ಕೂತ ಕಲ್ಲಿನ ಆ ಕಥೆಯನ್ನು ತರಗತಿಯಲ್ಲಿ ಮಕ್ಕಳಿಗೆ ಹೇಳಿದವನು ನಾನು. ಆದರೆ ಒಬ್ಬನ ಹೆಸರಿನ ಕೆಳಗೆ ಸಾವಿರ ಜನ ಮುಚ್ಚಿಹೋಗಿದ್ದಾರೆ ಎಂಬ ನೋವು ಇದೆ. ಬೇಲೂರಿನ ಶಿಲ್ಪಗಳ ಕೆಳಗೆ ದಾಸೋಜ, ಅವನ ಮಗ ಚಾವಣ ಎಂದು ಹೆಸರುಗಳಿವೆ, ಅವರು ಬಳ್ಳಿಗಾವೆಯವರು. ಗದಗಿನ ಕಾಟೋಜನ ಮಗ ನಾಗೋಜನೂ ಅಲ್ಲಿದ್ದಾನೆ. ಗದಗು ನಮ್ಮ ಇಟಗಿಗೆ ನೆರೆಯೂರೇ ಸರಿ. ಈ ಸೀಮೆಯಲ್ಲಿ ಕೈ ಪಳಗಿಸಿಕೊಂಡವರು ಹೊಯ್ಸಳರ ಕೆಲಸಕ್ಕೆ ಹೋಗಿ, ಅಲ್ಲಿ ತಮ್ಮ ಊರಿನ ಹೆಸರನ್ನೂ ಅಪ್ಪನ ಹೆಸರನ್ನೂ ತಾವೇ ಕೆತ್ತಿ ಬಂದರು. ಓದು ಬರಹ ಬಲ್ಲ ಶಿಲ್ಪಿಗಳು ಅವರು.

ಇದು ಇನ್ನೂ ಹಿಂದಿನಿಂದ ನಡೆದು ಬಂದದ್ದು. ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿ 634ರಲ್ಲಿ ಕಲ್ಲಿನ ಜಿನಾಲಯ ಕಟ್ಟಿಸಿ, ಅದರ ಪ್ರಶಸ್ತಿಯನ್ನೂ ತಾನೇ ರಚಿಸಿ, ಕಾಳಿದಾಸ ಭಾರವಿಯರ ಸಾಲಿನಲ್ಲಿ ತನ್ನನ್ನು ನಿಲ್ಲಿಸಿಕೊಂಡ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ರಾಣಿ ಲೋಕಮಹಾದೇವಿ ಕಟ್ಟಿಸಿದಾಗ ಸೂತ್ರಧಾರಿ, ಅಂದರೆ ಮುಖ್ಯ ಶಿಲ್ಪಿ, ಗುಂಡನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಸಂದಿತು. ಅದೇ ಗುಡಿಯ ಇನ್ನೊಬ್ಬ ಸೂತ್ರಧಾರಿ ಸರ್ವಸಿದ್ಧಿ ಆಚಾರಿಯನ್ನು ಹೊಗಳುವಾಗ ಶಾಸನ ಅವನ ಮನೆ, ಅರಮನೆ, ವಾಹನ, ಆಸನ, ಕಿರೀಟದ ಕೆಲಸಗಳ ಜೊತೆ ಅವನ ಮಾತಿನ ನಯವನ್ನೂ ಎಣಿಸುತ್ತದೆ. ಕೈ ಚೆನ್ನಾಗಿದ್ದವನ ಮಾತೂ ಚೆನ್ನಾಗಿತ್ತು ಎಂದು ಕಲ್ಲಿನ ಮೇಲೆ ಹೇಳಿಸಿದ ಕಾಲ ಅದು. ಕುಶಲಕರ್ಮಿ ಎಂದರೆ ಅನಕ್ಷರಸ್ಥ ಎಂದು ಈಗ ನಾವು ಎಣಿಸುತ್ತೇವಲ್ಲ, ಅದು ಬಹಳ ಈಚಿನ ಎಣಿಕೆ.

ಇಟಗಿ ಮುಗಿದು ಹದಿನೇಳು ವರ್ಷಕ್ಕೆ, 1129ರಲ್ಲಿ, ಅದೇ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಮಾನಸೋಲ್ಲಾಸ ಬರೆದ. ಅಭಿಲಷಿತಾರ್ಥ ಚಿಂತಾಮಣಿ ಎಂಬುದು ಅದರ ಇನ್ನೊಂದು ಹೆಸರು. ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ಆನೆಯಿದೆ, ಅಡುಗೆಯಿದೆ, ಔಷಧಿಯಿದೆ, ಚಿತ್ರ ಬರೆಯುವ ಕ್ರಮವೂ ಇದೆ. ದಂಡನಾಯಕ ಮಹಾದೇವ ಸೇವೆ ಮಾಡಿದ ಮನೆತನದ ಅರಸನೇ ಬರೆದ ಪುಸ್ತಕವಾದ್ದರಿಂದ ನಾನು ಇದನ್ನು ಇಟಗಿಯ ಪಕ್ಕದಲ್ಲಿಟ್ಟು ಓದುತ್ತೇನೆ.

ಅರಸ ಬರೆದದ್ದೆಂದು ಕೈಗೆ ಮಣ್ಣು ಹತ್ತದ ಮಾತುಗಳು ಅದರಲ್ಲಿಲ್ಲ. ಗೋಡೆಯನ್ನು ಸುಣ್ಣದಿಂದ ನುಣುಪು ಮಾಡಬೇಕು. ವಜ್ರಲೇಪ ಎಂಬ ಅಂಟಿಗೆ ಹಸಿ ಎಮ್ಮೆಚರ್ಮವನ್ನು ಬೆಣ್ಣೆಯಷ್ಟು ಮೆತ್ತಗಾಗುವವರೆಗೆ ನೀರಲ್ಲಿ ಕುದಿಸಬೇಕು, ಕಡ್ಡಿಗಳಾಗಿ ಮಾಡಿ ಒಣಗಿಸಬೇಕು, ಬೇಕಾದಾಗ ಬಿಸಿನೀರಿನಲ್ಲಿ ಕರಗಿಸಿ ಬಿಳಿಮಣ್ಣಿನೊಂದಿಗೆ ಕೂಡಿಸಿ ಗೋಡೆಗೆ ಮೂರು ಸಲ ಬಳಿಯಬೇಕು. ಮೊದಲ ಗೆರೆ ಎಳೆಯುವ ಬತ್ತಿಗೆ ದೀಪದ ಕಾಡಿಗೆಯನ್ನು ಅನ್ನದ ಅಗುಳಿನೊಂದಿಗೆ ಅರೆದು ಹೊಸೆಯಬೇಕು. ಬಿದಿರ ಕೋಲಿನ ತುದಿಗೆ ಜವೆಗಾಳಿನಷ್ಟು ತಾಮ್ರದ ಮೊಳೆ ಹೊರಚಾಚುವಂತೆ ಸಿಕ್ಕಿಸಬೇಕು. ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಕಡ್ಡಿಗೆ ಅಂಟಿಸಿ ಕುಂಚ ಮಾಡಬೇಕು. ದಪ್ಪ, ನಡುತರ, ಸಣ್ಣ ಎಂದು ಮೂರು ಬಗೆ. ಬಿಳಿಗೆ ಶಂಖದ ಪುಡಿ, ಹಳದಿಗೆ ಹರಿತಾಳ, ಕೆಂಪಿಗೆ ಅರಗಿನ ರಸ, ಕಾವಿ, ಇಂಗುಲೀಕ. ಚಿನ್ನವನ್ನು ಕಲ್ಲಿನ ಮೇಲೆ ನೀರು ಹಾಕಿ ಅರೆದು, ತೊಳೆದು, ವಜ್ರಲೇಪದಲ್ಲಿ ಕೂಡಿಸಿ ಹಚ್ಚಿ, ಒಣಗಿದ ಮೇಲೆ ಹಂದಿಯ ಕೋರೆಹಲ್ಲಿನಿಂದ ಉಜ್ಜಿದರೆ ಹೊಳಪು ಬರುತ್ತದೆ.

ಕಿವಿಯ ಕೂದಲು, ಅದೂ ಕರುವಿನದು. ಇಷ್ಟು ನಿಖರವಾದದ್ದು ಚಿತ್ರಗಾರರ ಪಕ್ಕ ಕೂತು ನೋಡದೆ ಬರುವುದಿಲ್ಲ. ಸೋಮೇಶ್ವರ ತನ್ನನ್ನು ಚಿತ್ರವಿದ್ಯೆಯ ಬ್ರಹ್ಮ ಎಂದು ಕರೆದುಕೊಂಡಿದ್ದಾನೆ, ಸ್ವತಃ ಕುಂಚ ಹಿಡಿದವನೇ ಇರಬೇಕು. ಆದರೂ ಈ ಅರಿವು ಅವನಿಗೆ ಕೊಟ್ಟವರು ಆಸ್ಥಾನದ ಚಿತ್ರಗಾರರು. ಅವರ ಅನುಭವ ಸಂಸ್ಕೃತದ ಶ್ಲೋಕವಾಗಿ ಅರಸನ ಹೆಸರಿನಲ್ಲಿ ಉಳಿಯಿತು. ಅದನ್ನು ನಾನು ಕಳ್ಳತನ ಎನ್ನಲಾರೆ, ಬರೆಯದೇ ಇದ್ದಿದ್ದರೆ ಎಂಟು ನೂರು ವರ್ಷದ ನಂತರ ಒಬ್ಬ ಡ್ರಾಯಿಂಗ್ ಮಾಸ್ತರನಿಗೆ ಅದು ತಲುಪುತ್ತಿರಲಿಲ್ಲ. ಋಣ ಯಾರದು ಎಂಬುದನ್ನು ಮಾತ್ರ ಓದುವಾಗಲೆಲ್ಲ ನೆನೆಯಬೇಕು. ಅದೇ ಗ್ರಂಥ ಧೂಳಿಚಿತ್ರ ಎಂಬ ಬಗೆಯನ್ನೂ ಹೇಳುತ್ತದೆ, ಬಣ್ಣದ ಪುಡಿಯಿಂದ ಬಿಡಿಸುವಂಥದ್ದು. ಹುಲಿಗಿಯ ಓಣಿಗಳಲ್ಲಿ ನಸುಕಿಗೇ ಅಂಗಳ ಸಾರಿಸಿ ರಂಗೋಲಿ ಹಾಕುವ ತಾಯಂದಿರಿಗೆ ತಮ್ಮ ಕೆಲಸ ಚಕ್ರವರ್ತಿಯ ಪುಸ್ತಕದಲ್ಲಿದೆ ಎಂದು ಹೇಳಿದಾಗ ಅವರಿಗಾದ ಸಂತೋಷವನ್ನು ನಾನು ಕಂಡಿದ್ದೇನೆ.

ಕೊಪ್ಪಳದಿಂದ ಹತ್ತು ಹನ್ನೆರಡು ಕಿಲೋಮೀಟರು ದೂರದಲ್ಲಿ ಕಿನ್ನಾಳವಿದೆ. ಇಲ್ಲಿಯ ಚಿತ್ರಗಾರ ಮನೆತನಗಳು ಪೊಳಕಿ ಎಂಬ ಹಗುರ ಮರದಲ್ಲಿ ದೇವರು, ಪ್ರಾಣಿ, ಹಣ್ಣುಕಾಯಿ, ತೊಟ್ಟಿಲು, ಮಣೆ ಮಾಡುತ್ತಾ ಬಂದಿವೆ. ಬೊಂಬೆಯನ್ನು ಒಂದೇ ಕಟ್ಟಿಗೆಯಲ್ಲಿ ಕೆತ್ತುವುದಿಲ್ಲ. ಗರುಡನಿಗೆ 12 ಭಾಗ, ಪೀಠದ ಮೇಲೆ ಕೂತ ಗಣಪನಿಗೆ 22 ಭಾಗ. ಭಾಗಗಳನ್ನು ಕೂಡಿಸುವುದು ಹುಣಸೆಬೀಜದ ಅಂಟು. ಹಳೆಯ ಗೋಣಿತಟ್ಟನ್ನು ನೆನೆಸಿ, ಬಿಡಿಸಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆ ಹೊಟ್ಟಿನೊಂದಿಗೆ ಅದೇ ಹುಣಸೆ ಅಂಟಿನಲ್ಲಿ ಕಲಸಿದರೆ ಕಿಟ್ಟ ಆಗುತ್ತದೆ. ಕಿಟ್ಟವನ್ನು ಮೈಗೆಲ್ಲ ಕೈಯಿಂದ ಮೆತ್ತಿ, ಮೇಲೆ ಹತ್ತಿಬಟ್ಟೆಯ ಚೂರು ಅಂಟಿಸಿ, ಅದರ ಮೇಲೆ ಬೆಣಚುಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕೂಡಿಸಿ ಬಳಿಯುತ್ತಾರೆ. ಆಭರಣಗಳನ್ನು ಉಬ್ಬಿಸಿ ಎತ್ತುವುದೂ ಈ ಲೇಪದಲ್ಲೇ. ಆಮೇಲೆ ಬಣ್ಣ. ಹಳೆಯ ಕೆಲಸದಲ್ಲಿ ಚಿನ್ನದ ಹೊಳಪು ಕಂಡರೆ ಅದು ಚಿನ್ನವಲ್ಲ, ಲಾಜವಾರ. ತವರವನ್ನು ಸಣ್ಣಗೆ ಮಾಡಿ, ಅಂಟಿನಲ್ಲಿ ಹಚ್ಚಿ, ಉಜ್ಜಿ ಹೊಳಪು ತಂದು, ಮೇಲೆ ಹಳದಿ ಕೊಟ್ಟಾಗ ಹೊನ್ನಿನಂತಾಗುತ್ತದೆ. ಅರಸನ ಮನೆಯಲ್ಲಿ ಚಿನ್ನ ಅರೆದರು, ಕಿನ್ನಾಳದಲ್ಲಿ ತವರ ಅರೆದರು. ಹಚ್ಚಿ ಉಜ್ಜುವ ಕ್ರಮ ಎರಡೂ ಕಡೆ ಒಂದೇ.

ಹುಣಸೆಬೀಜದ ಈ ಅಂಟಿಗೆ ಇನ್ನೊಂದು ಚರಿತ್ರೆಯಿದೆ. ಕಾಗದ ಅಗ್ಗವಾಗುವ ಮೊದಲು ಶಾನುಭೋಗರು, ಸಾವುಕಾರರು ಲೆಕ್ಕ ಬರೆದದ್ದು ಕಡತದಲ್ಲಿ. ಹತ್ತಿಯ ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ. ಕರಿಯ ಬಟ್ಟೆಯ ಮೇಲೆ ಬಳಪದಿಂದ ಬಿಳಿ ಅಕ್ಷರ. ಬೇಡವಾದಾಗ ಒರೆಸಿ, ಮತ್ತೆ ಬಳಿದು, ಮತ್ತೆ ಬರೆಯಬಹುದು. ಊರಿನ ಹೊಲದ ಲೆಕ್ಕವೂ ಮಠದ ದಾಖಲೆಯೂ ಅದರಲ್ಲಿದ್ದವು. ಒಂದೇ ಗಿಡದ ಬೀಜ ಒಂದು ಮನೆಯಲ್ಲಿ ಗರುಡನ ರೆಕ್ಕೆಯನ್ನು ಹಿಡಿದಿತ್ತು, ಇನ್ನೊಂದು ಮನೆಯಲ್ಲಿ ಕಂದಾಯದ ಲೆಕ್ಕವನ್ನು. ಬಟ್ಟೆ, ಅಂಟು, ಪುಡಿ, ಒಣಗಿಸುವುದು, ಮೇಲೆ ಗೆರೆ: ಕಡತ ಮಾಡುವವನಿಗೂ ಬೊಂಬೆ ಮಾಡುವವನಿಗೂ ಕೆಲಸದ ಕ್ರಮ ಒಂದೇ. ಬರಹ ಎಂಬುದು ಮನಸ್ಸಿನಿಂದ ನೇರ ಪುಟಕ್ಕೆ ಇಳಿಯುತ್ತದೆಂದು ತಿಳಿದವರು ಆ ಪುಟವನ್ನು ಮಾಡಿದ ಕೈಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಡತ ಮಾಡಬೇಕಾಗಿದ್ದವರು ಹಾಗೆ ತಿಳಿಯಲು ಸಾಧ್ಯವಿರಲಿಲ್ಲ.

ಕಿನ್ನಾಳದ ಹಿರಿಯ ಚಿತ್ರಗಾರರೊಬ್ಬರ ಪಡಸಾಲೆಯಲ್ಲಿ ಕೂತು ನಾನು ಒಮ್ಮೆ ಕೇಳಿದೆ: “ಅಜ್ಜಾರ, ಅಂಟಿಗೆ ಬೀಜ ಎಷ್ಟು, ನೀರು ಎಷ್ಟು, ಒಂದು ವಹಿಯಾಗ ಬರದಿಟ್ಟಿದ್ರ ಚೊಲೋ ಇತ್ತಲ್ರಿ?”

“ಬೀಜ ಹಳೇದಾದ್ರ ನೀರು ಭಾಳ ಕುಡಿತೈತ್ರಿ ಮಾಸ್ತರ, ಹೊಸಾದಾದ್ರ ಕಡಿಮಿ. ಬ್ಯಾಸಿಗ್ಯಾಗ ಒಂದು ನಮೂನಿ, ಮಳಿಗಾಲದಾಗ ಒಂದು ನಮೂನಿ. ಯಾವ ಬೀಜದ್ದು ಬರೀಲಿ?” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಆದ್ರ ನಮ್ಮನ್ಯಾಗ ಬರದಿದ್ದು ಇಲ್ಲ ಅನ್ನಬ್ಯಾಡ್ರಿ” ಎಂದು ಒಳಗಿನಿಂದ ಬಟ್ಟೆಯಲ್ಲಿ ಸುತ್ತಿದ ಕಾಗದಗಳನ್ನು ತಂದರು. ಅವರ ಅಪ್ಪ ಎಳೆದ ಗೆರೆಗಳು. ದೇವಿಯ ಅರ್ಧ ಮುಖ, ಕೈಯೊಂದು, ನವಿಲಿನ ಕುತ್ತಿಗೆ. ಅಲ್ಲಲ್ಲಿ ಸಣ್ಣ ಅಕ್ಷರದಲ್ಲಿ ‘ಕೆಂಪು’, ‘ಹಸುರು’, ‘ಇಲ್ಲಿ ಕಿಟ್ಟ ದಪ್ಪ’. ನಾನು ಆ ಕೊನೆಯ ಸಾಲನ್ನು ಬಹಳ ಹೊತ್ತು ನೋಡಿದೆ. ಮಾನಸೋಲ್ಲಾಸದ ಅಧ್ಯಾಯಗಳಷ್ಟೇ ಗೌರವ ಕೊಟ್ಟು ಓದಬೇಕಾದ ಸಾಲು ಅದು. ಎಲ್ಲಿ ದಪ್ಪ ಎಂದು ಬರೆದವನಿಗೆ ಯಾಕೆ ದಪ್ಪ ಎಂದು ಗೊತ್ತಿತ್ತು, ಓದುವವನಿಗೂ ಗೊತ್ತಿತ್ತು. ಕೆಲಸ ಬಲ್ಲವನು ಕೆಲಸ ಬಲ್ಲವನಿಗೆ ಬರೆದದ್ದು.

ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಚಾವಣಿಯಲ್ಲಿ ವಿದ್ಯಾರಣ್ಯರ ಪಲ್ಲಕ್ಕಿಯ ಮೆರವಣಿಗೆ, ಅರ್ಜುನನ ಮತ್ಸ್ಯಯಂತ್ರ, ಗಿರಿಜಾಕಲ್ಯಾಣ, ಶಿವನಿಗೆ ಹೂಬಾಣ ಹೂಡಿದ ಮನ್ಮಥ ಇದ್ದಾರೆ. ಅವು ವಿಜಯನಗರ ಕಾಲದವೇ, ಆಮೇಲಿನವೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದರೆ ಆ ಚಿತ್ರಗಳನ್ನೂ ಅಲ್ಲಿಯ ರಥದ ಕೆತ್ತನೆಯನ್ನೂ ಮಾಡಿದವರು ತಮ್ಮ ಹಿರಿಯರು ಎಂದು ಕಿನ್ನಾಳದವರು ಹೇಳುತ್ತಾ ಬಂದಿದ್ದಾರೆ. ಒಬ್ಬ ಚಿತ್ರಗಾರರ ಮನೆಯಲ್ಲಿ ಸಿಕ್ಕ ಹಳೆಯ ಕಾಗದದ ಗೆರೆಪ್ರತಿಗಳನ್ನು ಈ ಮಾತಿಗೆ ಆಧಾರವಾಗಿ ತೋರಿಸುತ್ತಾರೆ. ದಂಡನಾಯಕನಿಗೆ ಕಲ್ಲಿನ ಶಾಸನ ಸಾಕ್ಷಿ. ಚಿತ್ರಗಾರನಿಗೆ ಮನೆಯ ಅಟ್ಟದ ಮೇಲಿನ ಕಾಗದವೇ ಸಾಕ್ಷಿ. ಕಲ್ಲಿಗೆ ಇರುವ ಆಯುಷ್ಯ ಆ ಕಾಗದಕ್ಕಿಲ್ಲ.

ನಮ್ಮ ಕಡೆ ದ್ಯಾಮವ್ವ, ದುರ್ಗವ್ವನ ಜಾತ್ರೆ ಬಂದರೆ ಕಟ್ಟಿಗೆಯ ದೇವಿಯನ್ನು ಬಣ್ಣಕ್ಕೆ ಕೂರಿಸುತ್ತಾರೆ. ಚಿತ್ರಗಾರ ಹಳೆಯ ಬಣ್ಣ ತೆಗೆದು, ಬಿರುಕಿಗೆ ಲೇಪ ತುಂಬಿ, ಹೊಸದಾಗಿ ಬರೆಯುತ್ತಾನೆ. ಕಣ್ಣು ಕಟ್ಟಕಡೆಗೆ. ಅಲ್ಲಿಯವರೆಗೆ ಅದು ಅವನ ಕೈಯೊಳಗಿನ ಕೆಲಸ, ಕಣ್ಣು ಬರೆದ ಮೇಲೆ ಊರಿನ ತಾಯಿ. ಆ ಎರಡು ಗೆರೆಗಳಷ್ಟು ಹೊಣೆಯ ಬರವಣಿಗೆಯನ್ನು ನಾನು ಬೇರೆ ಎಲ್ಲಿಯೂ ಕಂಡಿಲ್ಲ. ಅದಕ್ಕೆ ಅವನು ರುಜು ಹಾಕುವುದಿಲ್ಲ. ಬೇಲೂರಿನಲ್ಲಿ ಹೆಸರು ಕೆತ್ತಿದ ನಾಗೋಜನಿಗೂ ಹೆಸರು ಹಾಕದ ಈತನಿಗೂ ಇರುವ ಅಂತರವನ್ನು ಭಕ್ತಿ ಎಂದು ಮಾತ್ರ ವಿವರಿಸಿದರೆ ನನಗೆ ಒಪ್ಪಿಗೆಯಾಗುವುದಿಲ್ಲ. ಹೆಸರು ಕೇಳುವವರು ಇಲ್ಲದೆಯೂ ಹೆಸರು ಹೋಗುತ್ತದೆ.

ಕಿನ್ನಾಳದ ಬೊಂಬೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕಿದ್ದು ಒಳ್ಳೆಯದೇ ಆಯಿತು. ಹುಲಿಗಿಯಲ್ಲಿ ಹುಣ್ಣಿಮೆಗೆ ಬರುವ ಜನಸಾಗರದ ನಡುವೆ ನಾನು ಬರೆಯುತ್ತಿದ್ದ ಬಟ್ಟೆ ಬ್ಯಾನರುಗಳ ಜಾಗದಲ್ಲಿ ಫ್ಲೆಕ್ಸ್ ನಿಂತಿದೆ, ಬೋರ್ಡು ಬರೆಯುತ್ತಿದ್ದ ಗೆಳೆಯರು ಗೋಡೆಗೆ ಬಣ್ಣ ಹೊಡೆಯುತ್ತಿದ್ದಾರೆ. ನಮ್ಮ ಕೆಲಸ ಹೋದದ್ದಕ್ಕೆ ನೋವಿದೆ, ಆದರೂ ನಮ್ಮದು ಒಂದೆರಡು ತಲೆಮಾರಿನ ಕೆಲಸ. ಕಿಟ್ಟ ಕಲಸುವ ಕೈ ಹೋದರೆ ಹೋಗುವುದು ಶತಮಾನಗಳ ಗಳಿಕೆ.

ಕೊಪ್ಪಳ ಜಿಲ್ಲೆಯ ಶಾಸನಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸಂಪುಟವಾಗಿ ತಂದಿದೆ. ಅದಕ್ಕೂ ಮೊದಲು 1935ರಲ್ಲಿ ಸಿ.ಆರ್. ಕೃಷ್ಣಮಾಚಾರ್ಲು ಕೊಪ್ಪಳದ ಕನ್ನಡ ಶಾಸನಗಳನ್ನು ಹೈದರಾಬಾದಿನಿಂದ ಪ್ರಕಟಿಸಿದ್ದರು. ಅಂಥದೇ ಶ್ರದ್ಧೆಯ ಸಂಪುಟವೊಂದು ಕಿನ್ನಾಳದ ಗೆರೆಕಾಗದಗಳಿಗೆ ಬೇಕು: ಒಂದೊಂದು ಹಾಳೆಯ ಫೋಟೋ, ಅಂಚಿನ ಟಿಪ್ಪಣಿಯ ಪಾಠ, ಎಳೆದವರ ಹೆಸರು, ಇಟ್ಟುಕೊಂಡ ಮನೆಯವರ ಹೆಸರು. ಮೂಲ ಹಾಳೆ ಆ ಮನೆಯಲ್ಲೇ ಇರಲಿ. ಹಳೆಯ ಬೀಜಕ್ಕೆ ನೀರೆಷ್ಟು, ಹೊಸದಕ್ಕೆ ಎಷ್ಟು ಎಂಬುದನ್ನು ಹೇಳಬಲ್ಲವರು ಇರುವಾಗಲೇ ಅವರ ಬಾಯಿಂದ, ಅವರ ಮಾತಿನಲ್ಲೇ, ಅವರ ಹೆಸರಿನಲ್ಲೇ ಬರೆದುಕೊಳ್ಳಬೇಕು. ವಿಶ್ವವಿದ್ಯಾಲಯದಲ್ಲಿ ಶಾಸನ ಓದಬಲ್ಲವರೂ ಚಿತ್ರಕಲೆ ಕಲಿತವರೂ ಇದ್ದಾರೆ, ಅವರು ಒಟ್ಟಿಗೆ ಕೂತರೆ ಆಗದ ಕೆಲಸವಲ್ಲ.

ಓದುಗರಲ್ಲಿ ನನ್ನದೊಂದು ಕೋರಿಕೆ. ಮನೆಯಲ್ಲಿ ಹಳೆಯ ಕಿನ್ನಾಳದ ತೊಟ್ಟಿಲೋ ಮಣೆಯೋ ಇದ್ದರೆ ಬಣ್ಣ ಹೊಡೆಸುವ ಮೊದಲು ಮಗುಚಿ ನೋಡಿ, ಬುಡದಲ್ಲಿ ಗೆರೆ ಅಥವಾ ಅಕ್ಷರ ಇದ್ದರೆ ಅಳಿಸಬೇಡಿ. ಹೊಸ ಬೊಂಬೆ ಕೊಂಡಾಗ ಮಾಡಿದವರ ಹೆಸರು, ಊರು, ಇಸವಿಯನ್ನು ಅದರ ಅಡಿಯಲ್ಲಿ ಅವರ ಕೈಯಿಂದಲೇ ಬರೆಸಿಕೊಳ್ಳಿ.